ಲೋಕಲ್ ರೈಲಿನ ಮೋಟಾರು ಮತ್ತು ಸಿಲಿಕಾನ್ ಸ್ವಿಚ್ಚು

ಮುಂಬಯಿಯ ಜನಜೀವನಕ್ಕೂ ಲೋಕಲ್ ರೈಲಿಗೂ ಇರುವ ನಂಟನ್ನು ವಿವರಿಸುವ ಅಗತ್ಯವಿಲ್ಲ. ಟ್ರಂಕು ಹಿಡಿದು ಈ ನಗರಕ್ಕೆ ಬಂದಿಳಿದ ದಿನದಿಂದ ನಿವೃತ್ತಿಯ ದಿನದವರೆಗೆ ಇಲ್ಲಿಯ ಕನ್ನಡಿಗನ ಆಯುಷ್ಯದ ಒಂದು ದೊಡ್ಡ ಪಾಲು ಈ ಗಾಡಿಗಳಲ್ಲಿಯೇ ಸಂದುಹೋಗುತ್ತದೆ. ಆದರೆ ಕಳೆದ ಎರಡು ದಶಕಗಳಲ್ಲಿ ಈ ಗಾಡಿಗಳ ಒಡಲಿನಲ್ಲಿ ನಡೆದ ಬದಲಾವಣೆಯನ್ನು ಗಮನಿಸಿದವರು ವಿರಳ. ಹಿಂದಿನ ಗಾಡಿ ನಿಲ್ದಾಣದಿಂದ ಹೊರಡುವಾಗ ಹಂತಹಂತವಾಗಿ ಜಗ್ಗುತ್ತ ಮುಂದೆ ಸಾಗುತ್ತಿತ್ತು. ಇಂದಿನ ಗಾಡಿ ಒಂದು ಸಣ್ಣ ನಾದದಿಂದ ಆರಂಭಿಸಿ, ಸ್ವರವನ್ನು ಏರಿಸುತ್ತ ನಯವಾಗಿ ವೇಗ ಪಡೆಯುತ್ತದೆ. ಆ ಜಗ್ಗಾಟ ಹೋಗಿ ಈ ನಾದ ಬಂದುದಕ್ಕೆ ಕಾರಣ ಹೆಬ್ಬೆರಳಿನ ಉಗುರಿನಷ್ಟು ಅಗಲದ ಸಿಲಿಕಾನ್ ಬಿಲ್ಲೆಗಳು. ಅವು ಮಾಡುವ ಕೆಲಸ ತೀರ ಸರಳ: ವಿದ್ಯುತ್ತಿಗೆ ಬಾಗಿಲು ತೆರೆಯುವುದು, ಬಾಗಿಲು ಮುಚ್ಚುವುದು. ಇಷ್ಟು ಮಾತ್ರದಿಂದ ಅಪಾರ ವಿದ್ಯುತ್ತು ಹೇಗೆ ಉಳಿತಾಯವಾಗುತ್ತದೆಂಬುದನ್ನು ತಿಳಿಯಬೇಕಾದರೆ ಮೊದಲು ಮೋಟಾರಿನ ಸ್ವಭಾವವನ್ನು ಅರಿಯಬೇಕು.

ಮೋಟಾರು ತಿರುಗುವ ಬಗೆ

1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ವಾಲುವುದನ್ನು ಕಂಡನು. ಮರುವರ್ಷವೇ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ, ವಿದ್ಯುತ್ ಹರಿಯುವ ತಂತಿ ಅಯಸ್ಕಾಂತವನ್ನು ಸುತ್ತುವಂತೆ ಮಾಡಿ ತೋರಿಸಿದನು. ಜಗತ್ತಿನ ಎಲ್ಲ ಮೋಟಾರುಗಳ ಮೂಲ ಇದೇ. ಕಾಂತಕ್ಷೇತ್ರದಲ್ಲಿರುವ ತಂತಿಯಲ್ಲಿ ವಿದ್ಯುತ್ ಹರಿದರೆ ಆ ತಂತಿಯ ಮೇಲೆ ಒಂದು ನೂಕುಬಲ ಉಂಟಾಗುತ್ತದೆ. ತಂತಿಯನ್ನು ಸುರುಳಿಯಾಗಿ ಸುತ್ತಿ ಅಚ್ಚಿನ ಮೇಲೆ ಕೂರಿಸಿದರೆ, ಸುರುಳಿಯ ಒಂದು ಪಕ್ಕ ಮೇಲಕ್ಕೂ ಇನ್ನೊಂದು ಪಕ್ಕ ಕೆಳಕ್ಕೂ ನೂಕಲ್ಪಟ್ಟು ಸುರುಳಿ ತಿರುಗುತ್ತದೆ.

ಆದರೆ ಅರ್ಧ ಸುತ್ತು ತಿರುಗಿದ ಮೇಲೆ ಪಕ್ಕಗಳು ಅದಲುಬದಲಾಗುತ್ತವೆ. ಆಗ ಪ್ರವಾಹದ ದಿಕ್ಕನ್ನೂ ಬದಲಿಸದಿದ್ದರೆ ಸುರುಳಿ ಹಿಂದಕ್ಕೆ ಬರಲು ಯತ್ನಿಸುತ್ತದೆ. ಏಕಮುಖ ಪ್ರವಾಹದ, ಅಂದರೆ ಡಿ.ಸಿ. ಮೋಟಾರಿನಲ್ಲಿ ಈ ಕೆಲಸಕ್ಕಾಗಿ ಅಚ್ಚಿನ ಮೇಲೆ ಕಮ್ಯುಟೇಟರ್ ಎಂಬ ತಾಮ್ರದ ಸೀಳುಬಳೆ ಇರುತ್ತದೆ. ಅದನ್ನು ಒತ್ತಿಕೊಂಡಿರುವ ಇಂಗಾಲದ ಬ್ರಷ್ಷುಗಳ ಮೂಲಕ ಪ್ರವಾಹ ಒಳಗೆ ಹೋಗುತ್ತದೆ. ಸುತ್ತು ತಿರುಗಿದಂತೆಲ್ಲ ದಿಕ್ಕು ತಾನಾಗಿ ಬದಲಾಗುತ್ತದೆ. ಈ ಉಜ್ಜಾಟದಿಂದ ಬ್ರಷ್ಷು ಸವೆಯುತ್ತದೆ, ಕಿಡಿ ಹಾರುತ್ತದೆ, ಇಂಗಾಲದ ಪುಡಿ ಕೂಡಿಕೊಳ್ಳುತ್ತದೆ. ಹಳೆಯ ಮಿಕ್ಸರಿನ ತಳದಲ್ಲಿ ಕಾಣುವ ನೀಲಿ ಕಿಡಿ ಇದೇ.

ಇನ್ನೊಂದು ಸಂಗತಿಯೂ ಗಮನಾರ್ಹ. ತಂತಿಯನ್ನು ಕಾಂತಕ್ಷೇತ್ರದಲ್ಲಿ ಚಲಿಸುವಂತೆ ಮಾಡಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆಂದು ಫ್ಯಾರಡೆಯೇ 1831ರಲ್ಲಿ ಕಂಡುಹಿಡಿದನು. ತಿರುಗುತ್ತಿರುವ ಮೋಟಾರಿನ ಸುರುಳಿಯೂ ಕಾಂತಕ್ಷೇತ್ರದಲ್ಲಿ ಚಲಿಸುತ್ತಿರುವ ತಂತಿಯೇ. ಆದುದರಿಂದ ಪ್ರತಿಯೊಂದು ಮೋಟಾರೂ ತಿರುಗುವಾಗ ತನ್ನೊಳಗೆ ಒಂದು ವಿರುದ್ಧ ವೋಲ್ಟೇಜನ್ನು ಹುಟ್ಟಿಸಿಕೊಳ್ಳುತ್ತದೆ. ಹೊರಗಿನಿಂದ ಬರುವ ಪ್ರವಾಹವನ್ನು ಇದು ತಡೆದು ಮಿತಿಯಲ್ಲಿಡುತ್ತದೆ. ಮೋಟಾರು ನಿಂತಿರುವಾಗ ಈ ವಿರುದ್ಧ ವೋಲ್ಟೇಜು ಇರುವುದಿಲ್ಲ. ಆಗ ನೇರವಾಗಿ ವಿದ್ಯುತ್ ಕೊಟ್ಟರೆ ಪ್ರವಾಹ ವಿಪರೀತವಾಗಿ ನುಗ್ಗುತ್ತದೆ. ಬಾವಿಯ ಪಂಪು ಅಥವಾ ಫ್ರಿಜ್ಜು ಹೊರಡುವ ಗಳಿಗೆಯಲ್ಲಿ ಮನೆಯ ದೀಪ ಒಮ್ಮೆ ಮಂಕಾಗುವುದು ಈ ಕಾರಣದಿಂದ. ಸಣ್ಣ ಮೋಟಾರು ಇದನ್ನು ತಾಳಿಕೊಳ್ಳಬಲ್ಲದು; ತುಂಬಿದ ಗಾಡಿಯನ್ನು ಎಳೆಯುವ ಮೋಟಾರು ತಾಳಲಾರದು.

ಬಿಸಿಯಾಗಿ ಹೋದ ವಿದ್ಯುತ್ತು

ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಓಡಿತು. ಅದು 1500 ವೋಲ್ಟಿನ ಡಿ.ಸಿ. ವಿದ್ಯುತ್ತಿನ ಗಾಡಿ. 1928ರಲ್ಲಿ ಪಶ್ಚಿಮದ ಮಾರ್ಗದಲ್ಲಿಯೂ, ಆಗಿನ ಕೊಲಾಬಾದಿಂದ ಬೋರಿವಲಿಯವರೆಗೆ, ಇದೇ ವ್ಯವಸ್ಥೆ ಬಂದಿತು. ನುಗ್ಗುವ ಪ್ರವಾಹವನ್ನು ತಡೆಯಲು ಅಂದಿನ ಎಂಜಿನಿಯರರಿಗೆ ಇದ್ದ ಉಪಾಯ ಒಂದೇ: ಮೋಟಾರಿನ ದಾರಿಯಲ್ಲಿ ದೊಡ್ಡ ರೋಧಕಗಳನ್ನು ಅಡ್ಡವಿಡುವುದು. ವೇಗ ಹೆಚ್ಚಿದಂತೆ ಅವುಗಳನ್ನು ಒಂದೊಂದಾಗಿ ದಾರಿಯಿಂದ ತೆಗೆಯಲಾಗುತ್ತಿತ್ತು. ಪ್ರತಿ ಸಲ ಒಂದು ರೋಧಕ ಕಳಚಿದಾಗಲೂ ಗಾಡಿ ಒಮ್ಮೆ ಜಗ್ಗುತ್ತಿತ್ತು.

ಈ ರೋಧಕಗಳು ತಡೆದ ವಿದ್ಯುತ್ತು ಏನಾಗುತ್ತಿತ್ತು? ಇಸ್ತ್ರಿಪೆಟ್ಟಿಗೆಯಲ್ಲಿ ಆಗುವಂತೆ ಶಾಖವಾಗಿ ಗಾಳಿಗೆ ಸೇರುತ್ತಿತ್ತು. ಹೀಗೆ ಮೋಟಾರನ್ನು ನಿಂತಲ್ಲಿಂದ ವೇಗಕ್ಕೆ ತರುವಾಗ, ತಂತಿಯಿಂದ ಪಡೆದ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಗಾಡಿಯನ್ನು ನಡೆಸುತ್ತದೆ, ಉಳಿದರ್ಧ ರೋಧಕವನ್ನು ಕಾಯಿಸುತ್ತದೆಂದು ಲೆಕ್ಕ ಹೇಳುತ್ತದೆ. ಮೋಟಾರುಗಳನ್ನು ಮೊದಲು ಸರಣಿಯಲ್ಲಿಯೂ ಅನಂತರ ಸಮಾಂತರವಾಗಿಯೂ ಜೋಡಿಸುವ ಜಾಣ್ಮೆಯಿಂದ ಈ ನಷ್ಟವನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಲಾಗಿತ್ತು. ಅದಕ್ಕಿಂತ ಕೆಳಗೆ ಇಳಿಸುವುದು ಕಠಿಣವಾಗಿತ್ತು.

ಸ್ವಿಚ್ಚಿನ ಮರ್ಮ

ಯಾವುದೇ ಸಾಧನದಲ್ಲಿ ಶಾಖವಾಗಿ ಹೋಗುವ ವಿದ್ಯುತ್ತನ್ನು ತಿಳಿಯಲು ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅದರಲ್ಲಿ ಹರಿಯುವ ಪ್ರವಾಹದಿಂದ ಗುಣಿಸಬೇಕು. 1000 ವೋಲ್ಟಿನ ಮೂಲದಿಂದ 1000 ಆಂಪಿಯರ್ ಪ್ರವಾಹ ಬಯಸುವ ಮೋಟಾರಿಗೆ ಅರ್ಧ ವೋಲ್ಟೇಜನ್ನು ಮಾತ್ರ ಕೊಡಬೇಕಾಗಿದೆ ಎಂದಿಟ್ಟುಕೊಳ್ಳೋಣ. ರೋಧಕವಿಟ್ಟರೆ ಅದರ ಮೇಲೆ 500 ವೋಲ್ಟ್ ಉಳಿಯುತ್ತದೆ. 500ನ್ನು 1000ದಿಂದ ಗುಣಿಸಿದರೆ 5 ಲಕ್ಷ ವಾಟ್ ಶಾಖ.

ಈಗ ರೋಧಕದ ಬದಲು ಒಂದು ಸ್ವಿಚ್ಚನ್ನು ಇಡೋಣ. ಸ್ವಿಚ್ಚು ತೆರೆದಿದ್ದಾಗ ಅದರಲ್ಲಿ ಪ್ರವಾಹ ಶೂನ್ಯ, ಗುಣಲಬ್ಧವೂ ಶೂನ್ಯ. ಮುಚ್ಚಿದ್ದಾಗ ಪ್ರವಾಹ 1000 ಆಂಪಿಯರ್ ಇದ್ದರೂ ಅದರ ತುದಿಗಳ ನಡುವೆ ಉಳಿಯುವ ವೋಲ್ಟೇಜು ಎರಡು ಮೂರು ವೋಲ್ಟ್ ಮಾತ್ರ. ಶಾಖ ಹೆಚ್ಚೆಂದರೆ 3 ಸಾವಿರ ವಾಟ್. ಈ ಸ್ವಿಚ್ಚನ್ನು ಸೆಕೆಂಡಿಗೆ ಸಾವಿರ ಸಲ ಮುಚ್ಚಿ ತೆರೆಯುತ್ತ, ಪ್ರತಿ ಸಲವೂ ಅರ್ಧ ಕಾಲ ಮುಚ್ಚಿ ಅರ್ಧ ಕಾಲ ತೆರೆದಿಟ್ಟರೆ, ಮೋಟಾರಿಗೆ ಸರಾಸರಿ 500 ವೋಲ್ಟ್ ದೊರೆಯುತ್ತದೆ. ನೂಕು ಬಿಡಿಬಿಡಿಯಾಗಿ ಬಂದರೂ ಮೋಟಾರಿಗೆ ಅದು ತಿಳಿಯುವುದಿಲ್ಲ. ಕುಂಬಾರನು ಕೋಲಿನಿಂದ ಆಗಾಗ ಮಾತ್ರ ತಿರುವಿದರೂ ಅವನ ತಿಗರಿ ಒಂದೇ ಸಮನೆ ಸುತ್ತುವಂತೆ, ಸುರುಳಿಯ ಕಾಂತಗುಣ ಪ್ರವಾಹವನ್ನೂ ಗಾಡಿಯ ತೂಕ ವೇಗವನ್ನೂ ಸಮನಾಗಿ ಕಾಯ್ದುಕೊಳ್ಳುತ್ತವೆ. ಮುಚ್ಚಿರುವ ಕಾಲವನ್ನು ಹೆಚ್ಚಿಸಿದರೆ ವೋಲ್ಟೇಜು ಹೆಚ್ಚುತ್ತದೆ, ತಗ್ಗಿಸಿದರೆ ತಗ್ಗುತ್ತದೆ. ತೆರೆದು ಮುಚ್ಚುವ ಕ್ಷಣಾರ್ಧದಲ್ಲಿ ಒಂದಿಷ್ಟು ಶಾಖ ಹುಟ್ಟುವುದುಂಟು. ಆದರೂ ರೋಧಕದ 5 ಲಕ್ಷ ವಾಟಿಗೆ ಹೋಲಿಸಿದರೆ ಒಟ್ಟು ನಷ್ಟ ಅತ್ಯಲ್ಪ.

ಉಪಾಯವೇನೋ ಸರಳ. ಆದರೆ ಸಾವಿರ ಆಂಪಿಯರನ್ನು ಸೆಕೆಂಡಿಗೆ ಸಾವಿರ ಸಲ ಕಡಿದು ಕೂಡಿಸಬಲ್ಲ ಸ್ವಿಚ್ಚು ಎಲ್ಲಿಂದ ಬರಬೇಕು? ಲೋಹದ ಸ್ವಿಚ್ಚು ಒಂದೆರಡು ಗಂಟೆಗಳಲ್ಲಿ ಸುಟ್ಟು ಸವೆದುಹೋಗುತ್ತದೆ. ಚಲಿಸುವ ಭಾಗವೇ ಇಲ್ಲದ ಸ್ವಿಚ್ಚು ಬೇಕಾಗಿತ್ತು.

ಥೈರಿಸ್ಟರಿನಿಂದ ಐ.ಜಿ.ಬಿ.ಟಿ.ವರೆಗೆ

ಅದನ್ನು ಒದಗಿಸಿದುದು ಸಿಲಿಕಾನ್. ಶುದ್ಧ ಸಿಲಿಕಾನ್ ವಿದ್ಯುತ್ತನ್ನು ತಾಮ್ರದಂತೆ ಹರಿಯಗೊಡುವುದೂ ಇಲ್ಲ, ಪಿಂಗಾಣಿಯಂತೆ ಪೂರ್ತಿಯಾಗಿ ತಡೆಯುವುದೂ ಇಲ್ಲ. ಆದುದರಿಂದಲೇ ಅದಕ್ಕೆ ಅರೆವಾಹಕವೆಂದು ಹೆಸರು. ಅದರಲ್ಲಿ ರಂಜಕವನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲಿ ಬೆರೆಸಿದರೆ ಋಣ ಕಣಗಳು ಹೆಚ್ಚಿದ ಪದರವೂ, ಬೋರಾನ್ ಬೆರೆಸಿದರೆ ಅವುಗಳ ಕೊರತೆಯುಳ್ಳ ಪದರವೂ ಆಗುತ್ತದೆ. ಇಂಥ ಪದರಗಳು ಸೇರುವ ಗಡಿಯಲ್ಲಿ ವಿದ್ಯುತ್ತಿಗೆ ಒಂದು ತಡೆ ಉಂಟಾಗುತ್ತದೆ. ಆ ತಡೆಯನ್ನು ಹೊರಗಿನ ಸಣ್ಣ ಸಂಜ್ಞೆಯೊಂದರಿಂದ ಬೇಕೆಂದಾಗ ತೆಗೆದು ಬೇಕೆಂದಾಗ ಇಡುವುದೇ ಅರೆವಾಹಕ ಸ್ವಿಚ್ಚಿನ ತಂತ್ರ.

1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಸಿದ್ಧವಾದ ಥೈರಿಸ್ಟರ್ ನಾಲ್ಕು ಪದರಗಳ ಸಾಧನ. ಸಣ್ಣ ಸಂಜ್ಞೆಯಿಂದ ಅದು ತೆರೆದುಕೊಳ್ಳುತ್ತಿತ್ತು, ಆದರೆ ಮುಚ್ಚಿಕೊಳ್ಳಲು ಒಲ್ಲೆನ್ನುತ್ತಿತ್ತು. ಒಮ್ಮೆ ಎತ್ತಿದರೆ ಕೆರೆಯ ನೀರೆಲ್ಲ ಬರಿದಾಗುವವರೆಗೆ ಮುಚ್ಚಲು ಬಾರದ ತೂಬಿನಂತೆ, ಪ್ರವಾಹ ತಾನಾಗಿ ಶೂನ್ಯಕ್ಕೆ ಇಳಿಯುವವರೆಗೆ ಅದು ತೆರೆದೇ ಇರುತ್ತಿತ್ತು. ಮನೆಗೆ ಬರುವ ಪರ್ಯಾಯ ಪ್ರವಾಹ, ಅಂದರೆ ಎ.ಸಿ., ಸೆಕೆಂಡಿಗೆ ನೂರು ಸಲ ಶೂನ್ಯವನ್ನು ಹಾಯುವುದರಿಂದ ಅಲ್ಲಿ ತೊಂದರೆಯಿಲ್ಲ. ಡಿ.ಸಿ.ಯಲ್ಲಿ ಮಾತ್ರ ಅದನ್ನು ಮುಚ್ಚಿಸಲು ಬೇರೆಯೇ ಉಪಕರಣಗಳು ಬೇಕಾಗುತ್ತಿದ್ದವು. ಮುಂದೆ ಬಂದ ಜಿ.ಟಿ.ಓ. ಎಂಬ ಥೈರಿಸ್ಟರಿನ ಪ್ರಭೇದವನ್ನು ಸಂಜ್ಞೆಯಿಂದಲೇ ಮುಚ್ಚಬಹುದಾಗಿತ್ತು. ಆದರೆ ಆ ಸಂಜ್ಞೆಗೇ ಭಾರಿ ಪ್ರವಾಹ ಬೇಕಾಗುತ್ತಿತ್ತು. 1990ರ ದಶಕದ ಮಧ್ಯದಲ್ಲಿ ಭಾರತೀಯ ರೈಲ್ವೆಗೆ ಬಂದ ಮೊದಲ ಮೂರು ಫೇಸಿನ ಎಂಜಿನ್ನುಗಳಲ್ಲಿ ಇದ್ದುದು ಈ ಜಿ.ಟಿ.ಓ.

ಈ ತೊಡಕನ್ನು ಬಿಡಿಸಿದ ಸಾಧನವೇ ಐ.ಜಿ.ಬಿ.ಟಿ. ಇದರಲ್ಲಿ ಸಂಜ್ಞೆ ಕೊಡುವ ದ್ವಾರಕ್ಕೂ ಸಿಲಿಕಾನಿಗೂ ನಡುವೆ ಗಾಜಿನಂಥ ಅತಿ ತೆಳುವಾದ ಒಂದು ನಿರೋಧಕ ಪದರವಿರುತ್ತದೆ. ದ್ವಾರಕ್ಕೆ ಸುಮಾರು 15 ವೋಲ್ಟ್ ಕೊಟ್ಟರೆ ಪದರದ ಕೆಳಗೆ ಋಣ ಕಣಗಳು ಕೂಡಿಕೊಂಡು ಪ್ರವಾಹಕ್ಕೆ ದಾರಿಯಾಗುತ್ತದೆ. ವೋಲ್ಟೇಜನ್ನು ತೆಗೆದರೆ ದಾರಿ ಅಳಿಸಿಹೋಗುತ್ತದೆ. ಸಂಜ್ಞೆಗೆ ಬೇಕಾಗುವ ಶಕ್ತಿ ಅತ್ಯಲ್ಪ, ಆಳುವ ಶಕ್ತಿ ಅಗಾಧ.

ಈ ಸಾಧನದ ಬೆಳವಣಿಗೆಯಲ್ಲಿ ಹಲವರ ಪಾಲಿದೆ. ಅವರಲ್ಲಿ ಅಗ್ರಗಣ್ಯರು ಡಾ. ಬಿ. ಜಯಂತ ಬಾಳಿಗಾ. ಮದ್ರಾಸಿನಲ್ಲಿ ಜನಿಸಿದ ಇವರು ಬೆಂಗಳೂರಿನ ಬಳಿಯ ಜಾಲಹಳ್ಳಿಯಲ್ಲಿ ಬೆಳೆದವರು. 1969ರಲ್ಲಿ ಮದ್ರಾಸಿನ ಐ.ಐ.ಟಿ.ಯಿಂದ ಪದವಿ ಪಡೆದು ಅಮೆರಿಕಕ್ಕೆ ತೆರಳಿದರು. 1980ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದಾಗ ಐ.ಜಿ.ಬಿ.ಟಿ.ಯನ್ನು ರೂಪಿಸಿ ಬಳಕೆಗೆ ತಂದರು. 2024ರಲ್ಲಿ ಫಿನ್ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಸಂದಿತು. ಇಂದು ದಿಲ್ಲಿಯ ಮೆಟ್ರೊದಿಂದ ಹಿಡಿದು ಮನೆಯ ಇನ್ವರ್ಟರ್ ಎ.ಸಿ. ಯಂತ್ರದವರೆಗೆ ಈ ಬಗೆಯ ಸ್ವಿಚ್ಚು ದುಡಿಯುತ್ತಿದೆ.

ಬ್ರಷ್ಷಿಲ್ಲದ ಮೋಟಾರು

ಸ್ವಿಚ್ಚು ಕೈಗೆ ಬಂದುದರಿಂದ ಮೋಟಾರಿನ ಜಾತಿಯನ್ನೇ ಬದಲಿಸುವುದು ಸಾಧ್ಯವಾಯಿತು. ಬ್ರಷ್ಷಾಗಲಿ ಕಮ್ಯುಟೇಟರಾಗಲಿ ಇಲ್ಲದ ಮೋಟಾರು ಹಿಂದೆಯೂ ಇದ್ದಿತು. 1888ರಲ್ಲಿ ಅಮೆರಿಕದಲ್ಲಿ ನಿಕೋಲಾ ಟೆಸ್ಲಾ ಅದಕ್ಕೆ ಪೇಟೆಂಟ್ ಪಡೆದನು. ಇಟಲಿಯ ಗೆಲಿಲಿಯೊ ಫೆರಾರಿಸ್ ಅದೇ ವರ್ಷ ಅದೇ ತತ್ತ್ವವನ್ನು ಪ್ರಕಟಿಸಿದನು. ಒಂದರ ಹಿಂದೆ ಒಂದು ಏರಿಳಿಯುವ ಮೂರು ಫೇಸಿನ ಎ.ಸಿ. ಪ್ರವಾಹಗಳನ್ನು ಸ್ಥಿರವಾದ ಮೂರು ಸುರುಳಿಗಳಿಗೆ ಕೊಟ್ಟರೆ ಅವುಗಳ ನಡುವೆ ಕಾಂತಕ್ಷೇತ್ರವೇ ಸುತ್ತತೊಡಗುತ್ತದೆ. ಒಳಗೆ ಅಳಿಲಿನ ಪಂಜರದಂತೆ ಜೋಡಿಸಿದ ಲೋಹದ ಕಂಬಿಗಳಲ್ಲಿ ಈ ಸುತ್ತುವ ಕ್ಷೇತ್ರ ಪ್ರವಾಹವನ್ನು ಪ್ರೇರಿಸಿ, ಪಂಜರವನ್ನು ತನ್ನ ಹಿಂದೆಯೇ ಎಳೆದುಕೊಂಡು ಹೋಗುತ್ತದೆ. ಇದೇ ಪ್ರೇರಣ ಮೋಟಾರು. ಹಿಟ್ಟಿನ ಗಿರಣಿಯಲ್ಲಿಯೂ ನೀರಾವರಿ ಪಂಪಿನಲ್ಲಿಯೂ ದಶಕಗಳಿಂದ ದುಡಿಯುತ್ತಿರುವುದು ಇದೇ.

ಹಾಗಾದರೆ ರೈಲಿಗೆ ಇದು ಮೊದಲೇ ಏಕೆ ಬರಲಿಲ್ಲ? ಇದರ ವೇಗ ವಿದ್ಯುತ್ತಿನ ಆವರ್ತಾಂಕಕ್ಕೆ ಕಟ್ಟುಬಿದ್ದಿದೆ. ಸೆಕೆಂಡಿಗೆ 50 ಆವರ್ತದ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಕ್ಷೇತ್ರ ನಿಮಿಷಕ್ಕೆ 1500 ಸುತ್ತು ಸುತ್ತುತ್ತದೆ; ಪಂಜರ ಅದಕ್ಕಿಂತ ಸ್ವಲ್ಪವೇ ಕಡಿಮೆ. ಗಿರಣಿಗೆ ಈ ಒಂದೇ ವೇಗ ಸಾಕು, ರೈಲಿಗೆ ಸಾಲದು. ಆವರ್ತಾಂಕವನ್ನೇ ಬೇಕಾದಂತೆ ಬದಲಿಸಬಲ್ಲ ಸಾಧನ ಅಂದು ರೈಲಿನಲ್ಲಿ ಹೊತ್ತೊಯ್ಯುವಂತಿರಲಿಲ್ಲ.

ಇಂದಿನ ಲೋಕಲ್ ಗಾಡಿ ಮೇಲಿನ ತಂತಿಯಿಂದ 25,000 ವೋಲ್ಟಿನ ಎ.ಸಿ. ವಿದ್ಯುತ್ತನ್ನು ಪಡೆಯುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ತಗ್ಗಿಸುತ್ತದೆ. ಒಂದು ಕಂತೆ ಸ್ವಿಚ್ಚುಗಳು ಅದನ್ನು ಡಿ.ಸಿ.ಯಾಗಿ ಮಾರ್ಪಡಿಸುತ್ತವೆ. ಇನ್ನೊಂದು ಕಂತೆ ಅದನ್ನೇ ತುಂಡರಿಸಿ ಮೂರು ಫೇಸಿನ ಎ.ಸಿ.ಯಾಗಿ ಹೊಸದಾಗಿ ಹೆಣೆಯುತ್ತದೆ. ಹೊರಡುವಾಗ ಸೆಕೆಂಡಿಗೆ ಒಂದೆರಡು ಆವರ್ತಗಳಿಂದ ಆರಂಭಿಸಿ, ವೇಗದೊಡನೆ ಆವರ್ತಾಂಕವನ್ನೂ ವೋಲ್ಟೇಜನ್ನೂ ಮೆಲ್ಲಗೆ ಏರಿಸಲಾಗುತ್ತದೆ. ಪ್ರಯಾಣಿಕರ ಕಿವಿಗೆ ಬೀಳುವ ಏರುದನಿ ಈ ತುಂಡರಿಸುವಿಕೆಯಿಂದ ಮೋಟಾರಿನ ಕಬ್ಬಿಣ ಕಂಪಿಸುವ ಸದ್ದು. ಮುಂಬಯಿಯಲ್ಲಿ ಇಂಥ ಐ.ಜಿ.ಬಿ.ಟಿ. ಗಾಡಿಗಳು 2007ರಿಂದ ಬರತೊಡಗಿದವು. ಡಿ.ಸಿ. ವಿದ್ಯುತ್ತು ಪಶ್ಚಿಮ ರೈಲ್ವೆಯಿಂದ 2012ರಲ್ಲಿಯೂ, ಮಧ್ಯ ರೈಲ್ವೆಯ ಹಾರ್ಬರ್ ಮಾರ್ಗದಿಂದ 2016ರ ಏಪ್ರಿಲಿನಲ್ಲಿಯೂ ಬೀಳ್ಕೊಂಡಿತು.

ಬ್ರೇಕಿನಿಂದ ಮರಳುವ ವಿದ್ಯುತ್ತು

ಹೊರಡುವಾಗಿನ ಉಳಿತಾಯ ಕಥೆಯ ಅರ್ಧ ಮಾತ್ರ. 500 ಟನ್ ತೂಗುವ ಗಾಡಿಯೊಂದು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿದೆ ಎಂದಿಟ್ಟುಕೊಂಡರೆ ಅದರ ಚಲನೆಯಲ್ಲಿ ಅಡಗಿರುವ ಶಕ್ತಿ 10 ಕೋಟಿ ಜೂಲ್. ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಇದು ಸುಮಾರು 28 ಯೂನಿಟ್. ಮನೆಯ ಸಾಮಾನ್ಯ ಫ್ಯಾನೊಂದನ್ನು ಹಗಲಿರುಳು ಹದಿನೈದು ದಿನ ತಿರುಗಿಸಲು ಸಾಕು. ಹಳೆಯ ಗಾಡಿ ಪ್ರತಿ ನಿಲ್ದಾಣದಲ್ಲಿಯೂ ಇಷ್ಟನ್ನು ಬ್ರೇಕಿನ ಕಟ್ಟೆಗಳಿಗೂ ಗಾಲಿಗಳಿಗೂ ಉಜ್ಜಿ ಶಾಖವಾಗಿ ಕಳೆಯುತ್ತಿತ್ತು. ಚರ್ಚ್‌ಗೇಟಿನಿಂದ ಬೋರಿವಲಿಗೆ ಹೋಗುವ ಸ್ಲೋ ಗಾಡಿ ಇಪ್ಪತ್ತಕ್ಕೂ ಹೆಚ್ಚು ಕಡೆ ನಿಲ್ಲುತ್ತದೆ ಎಂಬುದನ್ನು ನೆನೆದರೆ ನಷ್ಟದ ಅಂದಾಜಾದೀತು.

ಹೊಸ ಗಾಡಿಯಲ್ಲಿ ಚಾಲಕನು ಬ್ರೇಕ್ ಹಾಕಿದಾಗ ಸ್ವಿಚ್ಚುಗಳು ಆವರ್ತಾಂಕವನ್ನು ತಗ್ಗಿಸುತ್ತವೆ. ಆಗ ಕಾಂತಕ್ಷೇತ್ರ ನಿಧಾನವಾಗಿ, ಪಂಜರವೇ ಅದಕ್ಕಿಂತ ಮುಂದೆ ಓಡುತ್ತದೆ. ಅದುವರೆಗೆ ಎಳೆಸಿಕೊಳ್ಳುತ್ತಿದ್ದ ಪಂಜರ ಈಗ ಕ್ಷೇತ್ರವನ್ನು ಎಳೆಯತೊಡಗುತ್ತದೆ. ಮೋಟಾರು ಜನರೇಟರ್ ಆಗುತ್ತದೆ. ಹೀಗೆ ಹುಟ್ಟಿದ ವಿದ್ಯುತ್ತು ಅದೇ ಸ್ವಿಚ್ಚುಗಳ ಮೂಲಕ ಹಿಮ್ಮುಖವಾಗಿ ಸಾಗಿ ಮೇಲಿನ ತಂತಿಗೆ ಮರಳುತ್ತದೆ, ಪಕ್ಕದ ಹಳಿಯಲ್ಲಿ ಹೊರಡುತ್ತಿರುವ ಇನ್ನೊಂದು ಗಾಡಿಗೆ ಉಪಯೋಗವಾಗುತ್ತದೆ. ದಾದರಿನಲ್ಲಿ ನಿಲ್ಲುವ ಗಾಡಿ ಮಾಟುಂಗಾದಿಂದ ಹೊರಡುವ ಗಾಡಿಯನ್ನು ತಳ್ಳಿಕೊಟ್ಟಂತೆ! ದಿಲ್ಲಿ ಮೆಟ್ರೊದ ಇಂಥ ಬ್ರೇಕಿನ ಯೋಜನೆಯನ್ನು 2007ರಲ್ಲಿ ವಿಶ್ವಸಂಸ್ಥೆ ತನ್ನ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡಿತು. ರೈಲು ಯೋಜನೆಯೊಂದಕ್ಕೆ ಜಗತ್ತಿನಲ್ಲಿಯೇ ಮೊದಲ ಸಲ ದೊರೆತ ಮನ್ನಣೆ ಅದು.

ಮನೆಯೊಳಗಿನ ಅದೇ ಪಾಠ

ಗೋಡೆಯ ಮೇಲಿನ ಹಳೆಯ ಫ್ಯಾನ್ ರೆಗ್ಯುಲೇಟರಿನ ಕಪ್ಪು ಡಬ್ಬಿ ಮುಟ್ಟಿದರೆ ಬಿಸಿಯಾಗಿರುತ್ತಿತ್ತು. ಅದರೊಳಗೂ ಹಳೆಯ ರೈಲಿನಂಥ ರೋಧಕವೇ ಇದ್ದಿತು. ಫ್ಯಾನಿನ ವೇಗ ತಗ್ಗಿಸಿದರೂ ಬಿಲ್ಲು ಅದಕ್ಕೆ ತಕ್ಕಷ್ಟು ತಗ್ಗುತ್ತಿರಲಿಲ್ಲ. ಈಚೆಗೆ ಬಂದಿರುವ ಬಿ.ಎಲ್.ಡಿ.ಸಿ. ಫ್ಯಾನುಗಳಲ್ಲಿ ತಿರುಗುವ ಭಾಗ ಶಾಶ್ವತ ಅಯಸ್ಕಾಂತದ್ದು. ಕಮ್ಯುಟೇಟರಿನ ಕೆಲಸವನ್ನು ಸಣ್ಣ ಅರೆವಾಹಕ ಸ್ವಿಚ್ಚುಗಳು ಮಾಡುತ್ತವೆ. ಸಾಮಾನ್ಯ ಫ್ಯಾನು ಪೂರ್ಣ ವೇಗದಲ್ಲಿ ಸುಮಾರು 75 ವಾಟ್ ಬಳಸಿದರೆ ಇದು ಸುಮಾರು 30 ವಾಟ್ ಬಳಸುತ್ತದೆ. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಒಂದೇ ಫ್ಯಾನಿನಿಂದ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ವರ್ಷದ ಬಹುಭಾಗ ಫ್ಯಾನನ್ನೇ ನಂಬಿ ಬದುಕುವ ಸಂಸಾರಗಳಿಗೆ ಇದು ಸಣ್ಣ ಮಾತಲ್ಲ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳ ಮೇಲೆ ನಕ್ಷತ್ರದ ಗುರುತು ಕಡ್ಡಾಯವಾಗಿದೆ. ಕೊಳ್ಳುವಾಗ ಅದನ್ನು ನೋಡುವುದು ಜಾಣತನ.

ಒಂದು ಎಚ್ಚರಿಕೆ

ವೋಲ್ಟೇಜು ಹೆಚ್ಚಿದಷ್ಟೂ ಅದೇ ಶಕ್ತಿಗೆ ಕಡಿಮೆ ಪ್ರವಾಹ ಸಾಕು. 1500 ವೋಲ್ಟಿನ ಬದಲು 25,000 ವೋಲ್ಟ್ ಬಂದುದರಿಂದ ತಂತಿಯಲ್ಲಿನ ಪ್ರವಾಹ ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯಿತು. ಆದರೆ ಈ ಲಾಭದ ಜೊತೆಗೆ ಅಪಾಯವೂ ಹೆಚ್ಚಿತು. 25,000 ವೋಲ್ಟಿನ ತಂತಿಯನ್ನು ಮುಟ್ಟಬೇಕೆಂದೇ ಇಲ್ಲ; ಸಮೀಪ ಹೋದರೆ ವಿದ್ಯುತ್ತು ಗಾಳಿಯನ್ನೇ ಭೇದಿಸಿ ಮೈಮೇಲೆ ಹಾರಬಲ್ಲದು. ಅದರಿಂದ ಕನಿಷ್ಠ 2 ಮೀಟರ್ ದೂರವಿರಬೇಕೆಂದು ರೈಲ್ವೆಯ ನಿಯಮ. ಗಾಡಿಯ ಮಾಡು ಹತ್ತುವುದು, ಮೇಲ್ಸೇತುವೆಯಿಂದ ಕೋಲು ಅಥವಾ ಗಾಳಿಪಟದ ದಾರ ಇಳಿಬಿಡುವುದು, ಒದ್ದೆ ಕೊಡೆಯನ್ನು ಮೇಲಕ್ಕೆ ಚಾಚುವುದು ಮೃತ್ಯುವನ್ನು ಕರೆದಂತೆಯೇ. 2011ರಿಂದ ಓಡುತ್ತಿರುವ ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಮೇಲೆ ತಂತಿಯಿಲ್ಲ. 750 ವೋಲ್ಟಿನ ವಿದ್ಯುತ್ತು ಹಳಿಯ ಪಕ್ಕದ ಮೂರನೆಯ ಕಂಬಿಯಲ್ಲಿದೆ. ಬಿದ್ದ ವಸ್ತುವನ್ನು ಎತ್ತಿಕೊಳ್ಳಲು ಅಲ್ಲಿ ಹಳಿಗೆ ಇಳಿಯಲೇಬಾರದು.

ಮನೆಯಲ್ಲಿ ಯಾರಿಗಾದರೂ ವಿದ್ಯುತ್ ಆಘಾತವಾದರೆ ಮೊದಲು ಮೇನ್ ಸ್ವಿಚ್ಚನ್ನು ಆರಿಸಬೇಕು. ಅದು ಸಾಧ್ಯವಾಗದಿದ್ದರೆ ಒಣಗಿದ ಮರದ ಕೋಲಿನಿಂದ ಅವರನ್ನು ತಂತಿಯಿಂದ ಬಿಡಿಸಬೇಕು. ಉಸಿರು ನಿಂತಿದ್ದರೆ ತಡಮಾಡದೆ 112ಕ್ಕೆ ಕರೆಮಾಡಿ, ನೆರವು ಬರುವವರೆಗೆ ಎದೆಯನ್ನು ಒತ್ತುತ್ತಿರಬೇಕು. ಈ ಕೋಲಿನ ಉಪಾಯ ರೈಲಿನ ತಂತಿಗೆ ಸಲ್ಲದು. 25,000 ವೋಲ್ಟಿನ ಎದುರು ಒಣಕೋಲೂ ರಬ್ಬರ್ ಚಪ್ಪಲಿಯೂ ರಕ್ಷಣೆಯಲ್ಲ. ಅಲ್ಲಿ ದೂರವೇ ನಿಂತು ಸ್ಟೇಷನ್ ಮಾಸ್ತರರಿಗೆ ಅಥವಾ 139ಕ್ಕೆ ತಿಳಿಸಿ, ವಿದ್ಯುತ್ತನ್ನು ನಿಲ್ಲಿಸಿದ ಖಚಿತ ಸುದ್ದಿ ಬಂದ ಮೇಲೆಯೇ ಹತ್ತಿರ ಹೋಗತಕ್ಕದ್ದು. ಇನ್ವರ್ಟರ್ ಎ.ಸಿ. ಮೊದಲಾದ ಯಂತ್ರಗಳೊಳಗಿನ ಕೆಪಾಸಿಟರುಗಳು ಪ್ಲಗ್ಗು ಕಿತ್ತ ಮೇಲೂ ಕೆಲಕಾಲ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಬಲ್ಲವರಲ್ಲದೆ ಇತರರು ಅವನ್ನು ಬಿಚ್ಚಬಾರದು.

ಶಕ್ತಿಯನ್ನು ತಡೆದು ಹಿಡಿಯಹೊರಟರೆ ಅದು ಶಾಖವಾಗಿ ಪೋಲಾಗುತ್ತದೆ. ಬೇಕಾದಾಗ ಪೂರ್ತಿ ಹರಿಯಗೊಟ್ಟು, ಬೇಡವಾದಾಗ ಪೂರ್ತಿ ನಿಲ್ಲಿಸಿದರೆ ಅದು ಉಳಿಯುತ್ತದೆ. ಒಂದು ಶತಮಾನದ ರೈಲಿನ ಅನುಭವದಿಂದ ಎಂಜಿನಿಯರರು ಕಲಿತ ಈ ಪಾಠದ ಫಲ ಇಂದು ದಿನನಿತ್ಯದ ಪ್ರಯಾಣಿಕನ ಗಾಡಿಗೂ ಅವನ ಮನೆಯ ಫ್ಯಾನಿಗೂ ಸಮನಾಗಿ ದೊರೆಯುತ್ತಿದೆ.